ಆಗಸ್ಟ್‌ನ ಪಟ್ಟಿ, ಜನವರಿಯ ಪಟ್ಟಿ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದೇ ಒಂದು ಪಂದ್ಯವೂ ನಡೆಯುವ ಮೊದಲೇ, ಆಗಸ್ಟ್ ಮಧ್ಯದ ಹೊತ್ತಿಗೆ, ದೇಶದ ಅತ್ಯುತ್ತಮ 25 ತಂಡಗಳ ಪಟ್ಟಿ ಹೊರಬೀಳುತ್ತದೆ. ಅಸೋಸಿಯೇಟೆಡ್ ಪ್ರೆಸ್, ಅಂದರೆ ಎಪಿ ಸುದ್ದಿಸಂಸ್ಥೆಯು ಅರವತ್ತರಷ್ಟು ಕ್ರೀಡಾ ಪತ್ರಕರ್ತರಿಂದ ಮತ ಪಡೆಯುತ್ತದೆ. ಒಬ್ಬೊಬ್ಬರ ಮತಪತ್ರದಲ್ಲಿಯೂ ಮೊದಲ ಸ್ಥಾನಕ್ಕೆ 25 ಅಂಕ, ಎರಡನೆಯದಕ್ಕೆ 24, ಹೀಗೆ ಇಳಿಯುತ್ತಾ ಕೊನೆಯ ಸ್ಥಾನಕ್ಕೆ ಒಂದು ಅಂಕ ದೊರೆಯುತ್ತದೆ. ಐಸಿಸಿ ಶ್ರೇಯಾಂಕವನ್ನು ನೋಡಿ ಬೆಳೆದ ನಮಗೆ ಇದು ವಿಚಿತ್ರವೆನಿಸಬಹುದು, ಏಕೆಂದರೆ ಅಲ್ಲಿ ಆಡಿ ಮುಗಿದ ಪಂದ್ಯಗಳಿಂದ ಸ್ಥಾನ ಹುಟ್ಟುತ್ತದೆ, ಇಲ್ಲಿ ಆಡದ ಪಂದ್ಯಗಳ ಬಗೆಗಿನ ಅಭಿಪ್ರಾಯವೇ ಸ್ಥಾನವಾಗುತ್ತದೆ. ಆದರೆ ಮೇಲ್ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿದ್ದು, ನಿಯಮಿತ ಋತುವಿನಲ್ಲಿ ಪ್ರತಿ ತಂಡವೂ ಆಡುವುದು 12 ಪಂದ್ಯಗಳನ್ನು ಮಾತ್ರ. ಇಂಥ ಆಟದಲ್ಲಿ ಯಾರು ಯಾರಿಗಿಂತ ಮೇಲು ಎಂಬುದನ್ನು ಮೈದಾನವೊಂದೇ ತೀರ್ಮಾನಿಸಲಾರದು. ಮತದಾನ ಈ ಕ್ರೀಡೆಯ ಹುಟ್ಟುಗುಣಗಳಲ್ಲೊಂದು. ಎಪಿ ಪಟ್ಟಿ ಶುರುವಾದದ್ದು 1936ರಲ್ಲಿ, ಋತುಪೂರ್ವ ಪಟ್ಟಿ ಬಂದದ್ದು 1950ರಲ್ಲಿ. ಆ ಮೊದಲ ಪಟ್ಟಿಯ ನೆತ್ತಿಯಲ್ಲಿದ್ದ ನೋಟ್ರ್ ಡೇಮ್ ಆ ವರ್ಷ ನಾಲ್ಕು ಗೆದ್ದು, ನಾಲ್ಕು ಸೋತು, ಒಂದನ್ನು ಸಮ ಮಾಡಿಕೊಂಡಿತು. ಶಕುನ ಅಷ್ಟೇನೂ ಚೆನ್ನಾಗಿರಲಿಲ್ಲ.

ಪ್ರತಿ ವರ್ಷ ಆಗಸ್ಟ್‌ನ ಪಟ್ಟಿಯನ್ನು ತೆಗೆದಿಟ್ಟುಕೊಂಡು, ಜನವರಿಯಲ್ಲಿ ಪ್ರಶಸ್ತಿ ಪಂದ್ಯ ಮುಗಿದ ಮೇಲೆ ಬರುವ ಕೊನೆಯ ಪಟ್ಟಿಯ ಪಕ್ಕದಲ್ಲಿಟ್ಟು ನೋಡುವುದು ನನಗೆ ಅಂಟಿಕೊಂಡ ಚಟ. ಹಾಗೆ ನೋಡುವವರು ಸಾಮಾನ್ಯವಾಗಿ ‘ಪತ್ರಕರ್ತರಿಗೆ ಏನೂ ತಿಳಿಯದು’ ಎಂಬ ತೀರ್ಪಿಗೆ ಬೇಗ ಬಂದುಬಿಡುತ್ತಾರೆ. ಅದು ಅರ್ಧ ಸತ್ಯವೂ ಅಲ್ಲ. ನನಗೆ ಕಂಡಂತೆ ಈ ಪಟ್ಟಿಯ ಮೇಲ್ಭಾಗ ಸಾಕಷ್ಟು ನಂಬಬಹುದಾದದ್ದು, ಕೆಳಭಾಗ ಬಹುಮಟ್ಟಿಗೆ ಗಾಳಿಮಾತು, ಮತ್ತು ಅದರಿಂದಾಗುವ ನಿಜವಾದ ಕೆಡುಕು ತಪ್ಪು ಊಹೆಯಲ್ಲಿಲ್ಲ, ಊಹೆಯೆಂಬುದು ಮರೆತುಹೋಗುವುದರಲ್ಲಿದೆ.

2024ರ ಋತುವನ್ನು ತೆಗೆದುಕೊಳ್ಳೋಣ. ಆಗಸ್ಟ್‌ನಲ್ಲಿ ಮೊದಲ ಹತ್ತು ಸ್ಥಾನಗಳು ಕ್ರಮವಾಗಿ ಜಾರ್ಜಿಯಾ, ಓಹಾಯೋ ಸ್ಟೇಟ್, ಆರೆಗನ್, ಟೆಕ್ಸಸ್, ಅಲಬಾಮಾ, ಓಲ್ ಮಿಸ್, ನೋಟ್ರ್ ಡೇಮ್, ಪೆನ್ ಸ್ಟೇಟ್, ಮಿಷಿಗನ್ ಮತ್ತು ಫ್ಲೋರಿಡಾ ಸ್ಟೇಟ್ ತಂಡಗಳಿಗೆ ಸಂದವು. ಜನವರಿಯ ಪಟ್ಟಿಯಲ್ಲಿ ಓಹಾಯೋ ಸ್ಟೇಟ್ ಮೊದಲನೆಯದು, ನೋಟ್ರ್ ಡೇಮ್ ಎರಡನೆಯದು, ಆರೆಗನ್ ಮತ್ತು ಟೆಕ್ಸಸ್ ಕೂತ ಜಾಗದಿಂದ ಅಲುಗಾಡದೆ ಮೂರು ಮತ್ತು ನಾಲ್ಕರಲ್ಲಿ, ಪೆನ್ ಸ್ಟೇಟ್ ಐದರಲ್ಲಿ, ಜಾರ್ಜಿಯಾ ಆರರಲ್ಲಿ. ಅಂದರೆ ಕೊನೆಯ ಪಟ್ಟಿಯ ಮೊದಲ ಆರೂ ತಂಡಗಳು ಆಗಸ್ಟ್‌ನ ಮೊದಲ ಎಂಟರೊಳಗೇ ಇದ್ದವು. ಒಂದೂ ಚೆಂಡು ಹಾರುವ ಮೊದಲು ಮಾಡಿದ ಊಹೆಗೆ ಇದು ಕಡಿಮೆ ಸಾಧನೆಯೇನಲ್ಲ. ಅದೇ ಪಟ್ಟಿಯನ್ನು ಇಡಿಯಾಗಿ ನೋಡಿದರೆ ಚಿತ್ರ ಬದಲಾಗುತ್ತದೆ: 25 ತಂಡಗಳ ಪೈಕಿ ಜನವರಿಯವರೆಗೆ ಉಳಿದುಕೊಂಡದ್ದು 12 ಮಾತ್ರ. ಹನ್ನೆರಡನೆಯ ಸ್ಥಾನದಲ್ಲಿದ್ದ ಯೂಟಾ 5–7ರಲ್ಲಿ, ಅಂದರೆ ಐದು ಗೆಲುವು ಏಳು ಸೋಲಿನೊಂದಿಗೆ, ಮುಗಿಸಿತು. ಹದಿನೇಳರಲ್ಲಿದ್ದ ಓಕ್ಲಹೋಮಾ ಸ್ಟೇಟ್ ತನ್ನ ಕಾನ್ಫರೆನ್ಸ್‌ನ, ಅಂದರೆ ತಾನು ಸೇರಿರುವ ತಂಡಗಳ ಒಕ್ಕೂಟದ, ಒಂಬತ್ತು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಬಿಗ್ 12 ಕಾನ್ಫರೆನ್ಸ್‌ನ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿನ ಮಾಧ್ಯಮದವರ ಋತುಪೂರ್ವ ಮತದಾನದಲ್ಲಿ 16 ತಂಡಗಳ ಪೈಕಿ ಕಟ್ಟಕಡೆಯ ಸ್ಥಾನ ಪಡೆದಿದ್ದ ಅರಿಜೋನಾ ಸ್ಟೇಟ್, ಎಂ.ಎಸ್. ಪದವಿಗೆಂದು ಬೆಂಗಳೂರಿನಿಂದ ಹೊರಡುವವರ ಪಟ್ಟಿಗಳಲ್ಲಿ ತಪ್ಪದೇ ಕಾಣುವ ಅದೇ ವಿಶ್ವವಿದ್ಯಾಲಯ, ಕಾನ್ಫರೆನ್ಸ್ ಪ್ರಶಸ್ತಿ ಗೆದ್ದು ರಾಷ್ಟ್ರದ ಕೊನೆಯ ಪಟ್ಟಿಯಲ್ಲಿ ಏಳನೆಯದಾಯಿತು. ಆ ಮಾಧ್ಯಮ ಮತದಾನದಲ್ಲಿ ಅಗ್ರಸ್ಥಾನ ಪಡೆದಿದ್ದ ತಂಡ ಯಾವುದೆಂದರೆ, ಮೇಲೆ ಹೇಳಿದ ಯೂಟಾ.

ಮೇಲ್ಭಾಗ ನಂಬಬಹುದಾದದ್ದು ಎಂದೆನಲ್ಲ, ಅದಕ್ಕೆ ಇನ್ನೂ ಗಟ್ಟಿಯಾದ ಆಧಾರವಿದೆ. ಚಾಂಪಿಯನ್ನರನ್ನು ನಿರ್ಧರಿಸುವ ನಾಕ್‌ಔಟ್ ಸುತ್ತಾದ ಕಾಲೇಜು ಫುಟ್‌ಬಾಲ್ ಪ್ಲೇಆಫ್ ಆರಂಭವಾದ 2014ರಿಂದ 2024ರವರೆಗಿನ ಹನ್ನೊಂದು ಚಾಂಪಿಯನ್ನರು ಋತುಪೂರ್ವ ಪಟ್ಟಿಯಲ್ಲಿ ಹಿಡಿದಿದ್ದ ಸ್ಥಾನಗಳನ್ನು ವರ್ಷಕ್ರಮದಲ್ಲಿ ಬರೆದರೆ ಹೀಗಾಗುತ್ತದೆ: 5, 3, 2, 1, 2, 6, 3, 5, 3, 2, 2. ಆರಕ್ಕಿಂತ ಕೆಳಗಿನಿಂದ ಎದ್ದು ಬಂದವರು ಒಬ್ಬರೂ ಇಲ್ಲ. ಆದರೆ ಇದೇ ಸಾಲಿನಲ್ಲಿ ‘1’ ಒಮ್ಮೆ ಮಾತ್ರ, 2017ರ ಅಲಬಾಮಾ ರೂಪದಲ್ಲಿ, ಕಾಣಿಸಿಕೊಂಡಿದೆ. ಹಿಂದಕ್ಕೆ ಹೋದರೂ ಅಷ್ಟೆ. 1950ರಿಂದ 2024ರವರೆಗಿನ 75 ಋತುಗಳಲ್ಲಿ ಆಗಸ್ಟ್‌ನ ಮೊದಲ ಸ್ಥಾನದವರು ಕೊನೆಗೂ ಮೊದಲ ಸ್ಥಾನದಲ್ಲಿ ನಿಂತದ್ದು 11 ಬಾರಿ, ಆ ಪೈಕಿ ಒಂದು ವಾರವೂ ಸ್ಥಾನ ಬಿಡದೆ ನಿಂತವರು ಇಬ್ಬರೇ, 1999ರ ಫ್ಲೋರಿಡಾ ಸ್ಟೇಟ್ ಮತ್ತು 2004ರ ಸದರ್ನ್ ಕ್ಯಾಲಿಫೋರ್ನಿಯಾ. ಏಳು ವರ್ಷಕ್ಕೊಮ್ಮೆ ಸರಿಯಾಗುವ ಈ ಊಹೆಯನ್ನು ಕೆಟ್ಟದ್ದೆನ್ನುವವರು, ನೂರಕ್ಕೂ ಹೆಚ್ಚು ತಂಡಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೆ ಏನಾಗುತ್ತಿತ್ತು ಎಂದು ಒಮ್ಮೆ ಯೋಚಿಸಬೇಕು.

ಹಳೆಯ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಎಪಿ ತನ್ನ ಕೊನೆಯ ಪಟ್ಟಿಯನ್ನು ಬೌಲ್ ಪಂದ್ಯಗಳ, ಅಂದರೆ ನಿಯಮಿತ ಋತು ಮುಗಿದ ಮೇಲೆ ಆಯ್ದ ತಂಡಗಳ ನಡುವೆ ನಡೆಯುವ ವಿಶೇಷ ಪಂದ್ಯಗಳ, ನಂತರ ಪ್ರಕಟಿಸುವ ಪದ್ಧತಿಯನ್ನು ಖಾಯಂ ಮಾಡಿಕೊಂಡದ್ದು 1968ರಿಂದ. ಅದಕ್ಕೂ ಹಿಂದೆ, 1965ರ ಋತುವೊಂದನ್ನು ಬಿಟ್ಟರೆ, ನವೆಂಬರ್ ಕೊನೆಗೆ ಅಥವಾ ಡಿಸೆಂಬರ್ ಆರಂಭದಲ್ಲೇ ಚಾಂಪಿಯನ್ ಘೋಷಣೆಯಾಗಿಬಿಡುತ್ತಿತ್ತು. 1951ರಲ್ಲಿ ಆಗಸ್ಟ್‌ನ ಮೊದಲಿಗ ಟೆನೆಸೀ ಕೊನೆಗೂ ಮೊದಲಿಗನೆನಿಸಿದ ಬಳಿಕ ಶುಗರ್ ಬೌಲ್‌ನಲ್ಲಿ ಮೇರಿಲ್ಯಾಂಡ್ ಎದುರು 28–13ರಿಂದ ಸೋತಿತು. ದಾಖಲೆಯಲ್ಲಿ ಮಾತ್ರ ಊಹೆ ಗೆದ್ದಂತೆಯೇ ಉಳಿದಿದೆ. ಪಟ್ಟಿಯ ಉದ್ದವೂ ಎಲ್ಲ ಕಾಲದಲ್ಲೂ ಒಂದೇ ಇರಲಿಲ್ಲ. 1960ರ ದಶಕದ ಕೆಲವು ವರ್ಷ ಹತ್ತೇ ತಂಡಗಳಿದ್ದವು, 1989ರಿಂದ ಇಪ್ಪತ್ತೈದಾದವು. ಹೀಗಿರುವಾಗ ‘ಪಟ್ಟಿಯಿಂದ ಹೊರಬಿದ್ದ ತಂಡ’ ಎಂಬ ಮಾತಿಗೆ ಆಗಲೂ ಈಗಲೂ ಒಂದೇ ತೂಕವಿಲ್ಲ.

ಮೊದಲ ಸ್ಥಾನದಿಂದ ಪಟ್ಟಿಯಾಚೆಗೇ ಉರುಳಿದವರಲ್ಲಿ ಇತ್ತೀಚಿನ ಹೆಸರು 2012ರ ಸದರ್ನ್ ಕ್ಯಾಲಿಫೋರ್ನಿಯಾ. ಅದು ಯಾಕೆ ಮೋಸಹೋಗುವಂಥ ತಂಡವಾಗಿತ್ತು ಎಂಬುದನ್ನು ನೋಡಿದರೆ ಮತದಾರರ ಮನಸ್ಸು ಅರ್ಥವಾಗುತ್ತದೆ. ಹಿಂದಿನ ವರ್ಷ 10–2ರ ಸಾಧನೆ. ಕಾಲೇಜು ಕ್ರೀಡೆಗಳ ನಿಯಂತ್ರಕ ಸಂಸ್ಥೆಯಾದ ಎನ್‌ಸಿಎಎ ವಿಧಿಸಿದ್ದ ಎರಡು ವರ್ಷಗಳ ಬೌಲ್ ನಿಷೇಧ ಮುಗಿದಿತ್ತು. ತಂಡದ ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಬಾರ್ಕ್ಲಿ ವೃತ್ತಿಪರ ಲೀಗ್‌ಗೆ ಹೋಗದೆ ಕಾಲೇಜಿನಲ್ಲೇ ಉಳಿದಿದ್ದ. ಇವೆಲ್ಲ ಕಣ್ಣಿಗೆ ಕಾಣುವ ಸಂಗತಿಗಳು. ಕಣ್ಣಿಗೆ ಅಷ್ಟಾಗಿ ಬೀಳದ ಸಂಗತಿಯೆಂದರೆ, ಅದೇ ಶಿಕ್ಷೆಯ ಭಾಗವಾಗಿ ಮೂರು ವರ್ಷಗಳಲ್ಲಿ 30 ವಿದ್ಯಾರ್ಥಿವೇತನಗಳು ಕಡಿತವಾಗುತ್ತಿದ್ದು, ಗಾಯಗೊಂಡವರ ಜಾಗ ತುಂಬಲು ತಂಡದಲ್ಲಿ ಸಾಕಷ್ಟು ಆಟಗಾರರೇ ಇರಲಿಲ್ಲ. ಮೂರನೆಯ ಪಂದ್ಯದಲ್ಲಿ ಸ್ಟ್ಯಾನ್‌ಫರ್ಡ್ ಎದುರು ಸೋಲು, ನವೆಂಬರ್‌ನಲ್ಲಿ ಬಾರ್ಕ್ಲಿಯ ಭುಜಕ್ಕೆ ಪೆಟ್ಟು, ಕೊನೆಗೆ ಸನ್ ಬೌಲ್‌ನಲ್ಲಿ ಜಾರ್ಜಿಯಾ ಟೆಕ್ ಎದುರು ಇನ್ನೊಂದು ಸೋಲು, ಒಟ್ಟು 7–6.

ಮತದಾರರು ಆಗಸ್ಟ್‌ನಲ್ಲಿ ನೋಡುವುದು ಸ್ಥೂಲವಾಗಿ ಮೂರನ್ನು: ಹಿಂದಿನ ಋತುವಿನ ಕೊನೆ ಹೇಗಿತ್ತು, ಯಾರು ಮರಳಿ ಬಂದಿದ್ದಾರೆ, ಪ್ರೌಢಶಾಲೆಗಳಿಂದ ಎಂಥ ಹುಡುಗರನ್ನು ಸೆಳೆಯಲಾಗಿದೆ. ನಾಲ್ಕನೆಯದೊಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ತಂಡದ ಹೆಸರು. 2022ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ದೇಶದಲ್ಲೇ ಅತ್ಯುತ್ತಮವೆನಿಸಿದ ಹೊಸ ಆಟಗಾರರ ತಂಡವನ್ನು ಸೇರಿಸಿಕೊಂಡು ಆರನೆಯ ಸ್ಥಾನ ಗಿಟ್ಟಿಸಿತು, ಮತ್ತು ತನ್ನದೇ ಮೈದಾನದಲ್ಲಿ ಅಪಲ್ಯಾಚಿಯನ್ ಸ್ಟೇಟ್ ಎದುರು ಸೋತು, ಋತುವನ್ನು 5–7ರಲ್ಲಿ ಮುಗಿಸಿತು. ಅದೇ ರಾಜ್ಯದ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ಹಿಂದಿನ ವರ್ಷ 5–7ರಲ್ಲಿ ಮುಗಿಸಿ, ಸಾನಿ ಡೈಕ್ಸ್ ಎಂಬ ಹೊಸ ಕೋಚನ್ನು ತಂದುಕೊಂಡು, ಪಟ್ಟಿಯ ಹೊರಗಿನಿಂದ ಆರಂಭಿಸಿ ಪ್ರಶಸ್ತಿ ಪಂದ್ಯದವರೆಗೆ ಹೋಯಿತು. ಅಲ್ಲಿ ಜಾರ್ಜಿಯಾ ಎದುರು 65–7ರ ಸೋಲು ಕಂಡರೂ ಎಪಿಯ ಕೊನೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನ ಅದರದೇ. ಹದಿನೆಂಟರ ಹುಡುಗರ ಪ್ರತಿಭೆಯನ್ನು ಅಳೆಯುವುದು ಸಾಧ್ಯ, ಆದರೆ ಆ ಪ್ರತಿಭೆ ಯಾವ ವರ್ಷ ಕೈಗೆ ಬರುತ್ತದೆಂದು ಹೇಳುವುದು ಸಾಧ್ಯವಿಲ್ಲ. ಇನ್ನು ‘ಯಾರು ಮರಳಿ ಬಂದಿದ್ದಾರೆ’ ಎಂಬ ಅಳತೆಗೋಲೇ ಈಚೆಗೆ ಸಡಿಲವಾಗಿದೆ. 2018ರಲ್ಲಿ, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ವರ್ಗಾವಣೆ ಪೋರ್ಟಲ್ ತೆರೆಯಿತು. 2021ರಲ್ಲಿ ಒಮ್ಮೆ ಕಾಲೇಜು ಬದಲಿಸಿದವರು ಒಂದು ವರ್ಷ ಕಾಯದೆ ಆಡಬಹುದೆಂದಾಯಿತು. ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಲು ಅನುಮತಿ ಸಿಕ್ಕಿತು. ಈಗ ಒಂದು ಚಳಿಗಾಲದಲ್ಲಿ ಅರ್ಧ ತಂಡವೇ ಬದಲಾಗಬಹುದು.

ಇಷ್ಟು ಹೇಳಿದ ಮೇಲೆ, ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಊಹೆ ತಪ್ಪಾದರೆ ನಗಬಹುದು, ಮರೆಯಬಹುದು. ಆದರೆ ಋತುಪೂರ್ವ ಪಟ್ಟಿ ಊಹೆಯಾಗಿ ಉಳಿಯುವುದಿಲ್ಲ, ಮುಂದಿನ ಪಟ್ಟಿಗಳಿಗೆ ಅದೇ ತಳಪಾಯವಾಗುತ್ತದೆ. ಗೆದ್ದ ತಂಡ ಇದ್ದಲ್ಲೇ ಇರುತ್ತದೆ, ಮೇಲಿನ ತಂಡ ಸೋತಾಗ ಒಂದೆರಡು ಮೆಟ್ಟಿಲು ಏರುತ್ತದೆ; ಹೆಚ್ಚಿನ ಮತದಾರರ ಕೈ ಓಡುವುದು ಹೀಗೆಯೇ. ಇದರ ಪರಿಣಾಮ ಕಾಣಬೇಕೆಂದರೆ 2004ರ ಆಬರ್ನ್ ತಂಡವನ್ನು ನೋಡಬೇಕು. ಆ ವರ್ಷದ ಆಗಸ್ಟ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಒಂದು, ಓಕ್ಲಹೋಮಾ ಎರಡು, ಆಬರ್ನ್ ಹದಿನೇಳು. ಆಗ ಜಾರಿಯಲ್ಲಿದ್ದ ಬಿಸಿಎಸ್ ಪದ್ಧತಿಯಲ್ಲಿ ಮತಗಳನ್ನೂ ಗಣಕಯಂತ್ರದ ಲೆಕ್ಕವನ್ನೂ ಕೂಡಿಸಿ ಮೊದಲೆರಡು ತಂಡಗಳಿಗೆ ಮಾತ್ರ ಪ್ರಶಸ್ತಿ ಪಂದ್ಯದ ಅವಕಾಶ ಕೊಡಲಾಗುತ್ತಿತ್ತು. ಮೂರೂ ತಂಡಗಳು ಒಂದೂ ಪಂದ್ಯ ಸೋಲದೆ ಡಿಸೆಂಬರ್ ತಲುಪಿದವು. ಆಬರ್ನ್ ಆಡಿದ್ದು ಆಗ್ನೇಯ ಕಾನ್ಫರೆನ್ಸ್ ಎಂಬ, ಯಾವ ವರ್ಷವೂ ಸುಲಭವಲ್ಲದ ಕಣದಲ್ಲಿ. ಆದರೂ ಮೇಲಿನ ಇಬ್ಬರೂ ಸೋಲದಿದ್ದ ಕಾರಣ ಅವರನ್ನು ದಾಟುವ ದಾರಿಯೇ ಅದಕ್ಕೆ ಸಿಗಲಿಲ್ಲ. ಆರೆಂಜ್ ಬೌಲ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ 55–19ರಿಂದ ಓಕ್ಲಹೋಮಾವನ್ನು ಪುಡಿಗಟ್ಟಿತು. ಆಬರ್ನ್ ಶುಗರ್ ಬೌಲ್‌ನಲ್ಲಿ ವರ್ಜೀನಿಯಾ ಟೆಕ್ ವಿರುದ್ಧ 16–13ರಿಂದ ಗೆದ್ದು, 13–0 ದಾಖಲೆಯೊಂದಿಗೆ ಎರಡನೆಯ ಸ್ಥಾನಕ್ಕೆ ತೃಪ್ತಿಪಟ್ಟಿತು. (ಸದರ್ನ್ ಕ್ಯಾಲಿಫೋರ್ನಿಯಾದ ಆ ಬಿಸಿಎಸ್ ಪ್ರಶಸ್ತಿಯನ್ನು ಮುಂದೆ ನಿಯಮ ಉಲ್ಲಂಘನೆಗಾಗಿ ಕಸಿದುಕೊಳ್ಳಲಾಯಿತು, ಎಪಿ ಪ್ರಶಸ್ತಿ ಮಾತ್ರ ಉಳಿದಿದೆ. ಆಬರ್ನ್ ಅಭಿಮಾನಿಗಳ ಮುಂದೆ ಈ ಮಾತೆತ್ತಿದರೆ ಸಂಜೆ ಪೂರ್ತಿ ಕೈಬಿಟ್ಟಂತೆ.) ಆಬರ್ನ್ ಗೆಲ್ಲುತ್ತಿತ್ತೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಆಗಸ್ಟ್‌ನಲ್ಲಿ ಅದನ್ನು ಮೂರನೆಯದೆಂದು ಎಣಿಸಿದ್ದರೆ ಋತುವಿನ ನಡುವೆ ಓಕ್ಲಹೋಮಾದೊಂದಿಗೆ ಜಾಗ ಅದಲುಬದಲು ಮಾಡುವುದು ಮತದಾರರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆ ಋತುವಿನ ಗದ್ದಲದ ನಂತರ ಎಪಿ ತನ್ನ ಪಟ್ಟಿಯನ್ನು ಬಿಸಿಎಸ್ ಲೆಕ್ಕದಿಂದ ಹಿಂತೆಗೆದುಕೊಂಡಿತು. ಅದರ ಬದಲಿಗೆ 2005ರಲ್ಲಿ ಬಂದ ಹ್ಯಾರಿಸ್ ಮತದಾನವು ಮೊದಲ ಪಟ್ಟಿಯನ್ನು ಪ್ರಕಟಿಸುತ್ತಿದ್ದದ್ದು ಸೆಪ್ಟೆಂಬರ್ ಕೊನೆಗೆ. ಕಾಯಿಲೆ ಯಾವುದೆಂದು ಎಲ್ಲರಿಗೂ ಗೊತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಈಗಿನ ಪ್ಲೇಆಫ್ ಸಮಿತಿಯೂ ತನ್ನ ಮೊದಲ ಶ್ರೇಯಾಂಕವನ್ನು ಋತುವಿನ ಮೂರನೇ ಎರಡು ಭಾಗ ಮುಗಿದ ಮೇಲೆಯೇ ಹೊರಗಿಡುತ್ತದೆ. ಆದರೆ ಅಷ್ಟು ಹೊತ್ತಿಗೆ ಎಪಿಯ ಹಲವು ಪಟ್ಟಿಗಳನ್ನು ಸಮಿತಿಯ ಸದಸ್ಯರೂ ಓದಿರುತ್ತಾರೆ, ‘ಪಟ್ಟಿಯಲ್ಲಿದ್ದ ತಂಡದ ಮೇಲಿನ ಗೆಲುವು’ ಎಂಬ ಮಾತು ದಿನವೂ ಅವರ ಕಿವಿಗೆ ಬಿದ್ದಿರುತ್ತದೆ. 2024ರಲ್ಲಿ ಡಬ್ಲಿನ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಜಾರ್ಜಿಯಾ ಟೆಕ್ ಹತ್ತನೆಯ ಸ್ಥಾನದ ಫ್ಲೋರಿಡಾ ಸ್ಟೇಟನ್ನು 24–21ರಿಂದ ಸೋಲಿಸಿ 25ರ ಪಟ್ಟಿಯೊಳಗೆ ಬಂತು. ಆ ಫ್ಲೋರಿಡಾ ಸ್ಟೇಟ್ ಋತು ಮುಗಿಯುವ ಹೊತ್ತಿಗೆ 2–10. ಗೆಲುವಿನ ಬೆಲೆ ಆಗಸ್ಟ್‌ನ ಅಂದಾಜಿನ ಮೇಲೆ ನಿಂತಿತ್ತು, ಆ ಅಂದಾಜಿನಡಿಯಲ್ಲಿ ಏನೂ ಇರಲಿಲ್ಲ.

ಹನ್ನೆರಡು ತಂಡಗಳ ಪ್ಲೇಆಫ್ ಬಂದ ಮೇಲೆ ಈ ಅನ್ಯಾಯದ ತೀವ್ರತೆ ಕಡಿಮೆಯಾಗಿದೆ, ಏಕೆಂದರೆ ಸೋಲರಿಯದ ದೊಡ್ಡ ತಂಡವನ್ನು ಹೊರಗಿಡುವ ಪ್ರಸಂಗ ಇನ್ನು ಬರಲಾರದು. ಅದರ ಮೊದಲ ವರ್ಷವೇ ಓಹಾಯೋ ಸ್ಟೇಟ್ ಎರಡು ಪಂದ್ಯ ಸೋತು, ಎಂಟನೆಯ ಶ್ರೇಯಾಂಕದಿಂದ ಪ್ರವೇಶಿಸಿ ಪ್ರಶಸ್ತಿ ಗೆದ್ದಿತು. ಎರಡನೆಯ ವರ್ಷ, 2025ರ ಋತುವಿನಲ್ಲಿ, ಆಗಸ್ಟ್‌ನ ಪಟ್ಟಿ ಇನ್ನೂ ದೊಡ್ಡ ಏಟು ತಿಂದಿತು. ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಋತುಪೂರ್ವ ಅಗ್ರಸ್ಥಾನ ಪಡೆದ ಟೆಕ್ಸಸ್ ಮೊದಲ ಪಂದ್ಯವನ್ನೇ ಓಹಾಯೋ ಸ್ಟೇಟ್ ಎದುರು 14–7ರಿಂದ ಸೋತು ಕೊನೆಗೆ ಪ್ಲೇಆಫ್‌ಗೂ ಬರಲಿಲ್ಲ. ಎರಡನೆಯ ಸ್ಥಾನದ ಪೆನ್ ಸ್ಟೇಟ್ ಅಕ್ಟೋಬರ್‌ನಲ್ಲೇ ಕೋಚ್ ಜೇಮ್ಸ್ ಫ್ರ್ಯಾಂಕ್ಲಿನ್‌ರನ್ನು ಮನೆಗೆ ಕಳಿಸಿತು. 2023ರಲ್ಲಿ ಮೂರೇ ಪಂದ್ಯ ಗೆದ್ದಿದ್ದ ಇಂಡಿಯಾನಾ ಇಪ್ಪತ್ತನೆಯ ಸ್ಥಾನದಿಂದ ಹೊರಟು, ಕರ್ಟ್ ಸಿಗ್ನೆಟ್ಟಿಯವರ ಮಾರ್ಗದರ್ಶನದಲ್ಲಿ ಒಂದೂ ಪಂದ್ಯ ಸೋಲದೆ, ಪ್ರಶಸ್ತಿ ಪಂದ್ಯದಲ್ಲಿ ಮಯಾಮಿಯನ್ನು ಮಣಿಸಿತು. ಆರರೊಳಗಿನ ಸಾಲು ಅಲ್ಲಿಗೆ ಮುರಿಯಿತು. ಇದು ಪೋರ್ಟಲ್ ಯುಗದ ಹೊಸ ನಿಯಮವೋ ಒಂದು ವರ್ಷದ ಅಪವಾದವೋ ಎಂದು ಹೇಳಲು ಇನ್ನೂ ಕೆಲವು ಋತುಗಳಾದರೂ ಬೇಕು, ಆದರೆ ಇದು ನಿಯಮವಾಗುವತ್ತಲೇ ನನ್ನ ಒಲವು.

ಮೊದಲ ಪಟ್ಟಿಯನ್ನು ಅಕ್ಟೋಬರ್‌ಗೆ ಮುಂದೂಡಬೇಕೆಂದು ಪ್ರತಿ ವರ್ಷ ಯಾರಾದರೂ ಬರೆಯುತ್ತಾರೆ, ನಾನೂ ಅವರ ಪಕ್ಷದವನೇ. ಅದು ಆಗುವುದಿಲ್ಲವೆಂಬುದೂ ನನಗೆ ಗೊತ್ತಿದೆ. ಸೆಪ್ಟೆಂಬರ್‌ನ ಮೊದಲ ಶನಿವಾರ ಟಿವಿ ಪರದೆಯ ಮೂಲೆಯಲ್ಲಿ ತಂಡದ ಹೆಸರಿನ ಪಕ್ಕ ಒಂದು ಸಣ್ಣ ಅಂಕಿ ಇಲ್ಲದಿದ್ದರೆ, ಹತ್ತು ವಾಹಿನಿಗಳಲ್ಲಿ ಏಕಕಾಲಕ್ಕೆ ನಡೆಯುವ ಪಂದ್ಯಗಳಲ್ಲಿ ಯಾವುದನ್ನು ನೋಡಬೇಕೆಂದು ಪ್ರೇಕ್ಷಕನಿಗೆ ಹೇಳುವವರಾರು? ಆ ಅಂಕಿಯನ್ನು ಮಾರುವವರಿಗೆ ಅದು ಜನವರಿಯಲ್ಲಿ ಸರಿಯಾಗಬೇಕಾದ ಅಗತ್ಯವೇ ಇಲ್ಲ, ಸೆಪ್ಟೆಂಬರ್‌ನಲ್ಲಿ ಇದ್ದರೆ ಸಾಕು.