ಕೊಡಚಾದ್ರಿಯ ಜೀಪ್ ದಾರಿ

ನಿಟ್ಟೂರು ಕಡೆಯಿಂದ ಕೊಡಚಾದ್ರಿ ಹತ್ತುವ ಜೀಪ್ ದಾರಿಯನ್ನು ರಸ್ತೆ ಅನ್ನೋದೇ ಕಷ್ಟ. ಮಳೆನೀರು ಕೊರೆದ ಕೊರಕಲು, ಎದ್ದು ನಿಂತ ಕಲ್ಲು, ಜಾರುವ ಕೆಂಪು ಮಣ್ಣು. 1343 ಮೀಟರ್ ಎತ್ತರದ ಬೆಟ್ಟ ಅಲ್ವಾ!

ನಾನು ನೋಡುತ್ತಿದ್ದದ್ದು ಡ್ರೈವರ್ ಅಣ್ಣನ ಕೈಗಳನ್ನು. ಹೆಬ್ಬೆರಳನ್ನು ಸ್ಟೇರಿಂಗ್ ಒಳಗೆ ಸುತ್ತುವುದೇ ಇಲ್ಲ. ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ತಾನೇ ತಿರುಗಿ ಬೆರಳಿಗೆ ಹೊಡೆಯುತ್ತದೆ ಅಂದರು. ಕೊರಕಲಿಗೆ ಚಕ್ರ ಇಳಿಸದೆ, ಅಂಚಿನ ಮೇಲೇ ನಿಧಾನಕ್ಕೆ ಹತ್ತಿಸಿದರು.

ನಾವು ಸುಮ್ನೆ ಬೆಟ್ಟ ನೋಡಲು ಬರುತ್ತೇವೆ. ಮಲೆನಾಡಿನ ಎಷ್ಟೋ ಒಂಟಿಮನೆಗಳಿಗೆ ಅಕ್ಕಿ, ಗ್ಯಾಸ್ ಬರುವುದು, ಹುಷಾರಿಲ್ಲದವರು ಆಸ್ಪತ್ರೆಗೆ ಹೋಗುವುದು ಇಂಥ ದಾರಿಯಲ್ಲೇ. ಈ ಡ್ರೈವರ್‌ಗಳ ಮೇಲೆ ಗೌರವ ಜಾಸ್ತಿಯಾಯಿತು. ಹೋಗುವವರು ಕಾರು ಕೆಳಗೇ ಬಿಟ್ಟು ಇವರ ಜೀಪ್ ಹತ್ತಿ.