ಆಮೆ ನೋಡಬೇಕೆಂದರೆ ನಸುಕಿಗೆ ಹೋಗಿ

ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯ ದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ವಿಡಿಯೋ ನೋಡಿ ಹುಬ್ಬಳ್ಳಿಯಿಂದ ಹೊನ್ನಾವರಕ್ಕೆ ಗಾಡಿ ಹತ್ತಿದರೆ ನಿರಾಸೆಯೇ. ಆಮೆ ಅದೇ ಜಾತಿ, ಆಲಿವ್ ರಿಡ್ಲೆ. ಆದರೆ ಅಲ್ಲಿ ಸಾವಿರಗಟ್ಟಲೆ ಒಟ್ಟಿಗೆ ದಡ ಹತ್ತಿದರೆ, ಹೊನ್ನಾವರದ ಕಾಸರಕೋಡು ಟೊಂಕದಂಥ ನಮ್ಮ ದಂಡೆಗಳಿಗೆ ಬರುವುದು ಒಂದೊಂದೇ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ರಾತ್ರಿಯಿಡೀ ಟಾರ್ಚ್ ಹಿಡಿದು ಅಡ್ಡಾಡಿದರೆ ಬರುವ ಆಮೆಯೂ ತಿರುಗಿ ಹೋಗುತ್ತದೆ. ನಸುಕಿಗೆ ಹೋಗಿ, ಹೆಜ್ಜೆ ಓದಿ.

ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕುಮಟಾ ದಾಟಿ ಹೋಗುವ ದಾರಿ 200 ಕಿ.ಮೀ. ಒಳಗೇ. ಆದರೆ ಘಟ್ಟದಲ್ಲಿ ಒಂದು ಲಾರಿ ಮಗುಚಿದರೆ ಲೆಕ್ಕವೆಲ್ಲ ಕೆಟ್ಟಿತು. ಮಧ್ಯರಾತ್ರಿ ಹೊರಡುವ ಹುಚ್ಚಾಟ ಬೇಡ. ಹಿಂದಿನ ಸಂಜೆಯೇ ಮುಟ್ಟಿ. ಹಾವೇರಿಯವರಿಗೆ ಶಿರಸಿ, ದೇವಿಮನೆ ಘಟ್ಟ ಹತ್ತಿರ, ರಸ್ತೆ ತೆರೆದಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ.

ಬೆಳಿಗ್ಗೆ ಆರೂವರೆಗೆ ಹಸಿ ಮರಳಿನ ಗೆರೆಗುಂಟ ನಡೆಯಿರಿ, ಕಣ್ಣು ದಡದ ಕಡೆಗಿರಲಿ. ಹೊಲದಲ್ಲಿ ಸಣ್ಣ ಟ್ರ್ಯಾಕ್ಟರ್ ಹಾದುಹೋದಂಥ ಪಟ್ಟೆ ಕಾಣುತ್ತದೆ, ಸುಮಾರು ಎರಡೂವರೆ ಅಡಿ ಅಗಲ. ರಿಡ್ಲೆಯದಾದರೆ ಎಡ-ಬಲದ ಗುರುತು ಒಂದಾದ ಮೇಲೊಂದು. ಹಸಿರು ಆಮೆ ಎಂಬ ಇನ್ನೊಂದು ಜಾತಿಯದಾದರೆ ಜೋಡಿ ಜೋಡಿ. ಮರಳು ಹಿಂದಕ್ಕೆ ಗುಡ್ಡೆಯಾಗಿರುತ್ತದೆ, ಅದರಿಂದ ಬಂದದ್ದು ಯಾವುದು, ಹೋದದ್ದು ಯಾವುದು ತಿಳಿಯುತ್ತದೆ. ಎರಡರ ನಡುವೆ ಮರಳು ಕೆದರಿ ಮುಚ್ಚಿದ್ದರೆ ಗೂಡು. ಸುಮ್ಮನೆ ಬಳಸಿ ಹೋಗಿದ್ದರೆ ಬೆಳಕಿಗೋ, ಜನರಿಗೋ, ಗಟ್ಟಿ ಮರಳಿಗೋ ಬೇಸತ್ತು ಮರಳಿದೆ ಎಂದರ್ಥ.

ಗೂಡಿಗೆ ಕೋಲು ಚುಚ್ಚಿ ನೋಡುವವರೇ ದೊಡ್ಡ ತಲೆನೋವು. ಸುಮಾರು ಒಂದೂವರೆ ಅಡಿ ಆಳದ, ಹೂಜಿಯಾಕಾರದ ಗುಂಡಿಯಲ್ಲಿ ಟೇಬಲ್ ಟೆನಿಸ್ ಚೆಂಡಿನಂಥ ನೂರರಷ್ಟು ಮೊಟ್ಟೆ ಇರುತ್ತವೆ. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಸಿಪ್ಪೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಹೊರಳಿಸಿದರೆ ಸಾಯುತ್ತದೆ. ಮುಟ್ಟುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಸಿಬ್ಬಂದಿ ಬರುವವರೆಗೆ ಹೆಜ್ಜೆ ಅಳಿಸದೆ ನಾಯಿಗಳನ್ನು ದೂರವಿಡಿ.

ರಕ್ಷಣೆಗೆಂದು ಬಲೆ ಹಾಕಿದ ಗೂಡಿಗೆ ಮೊಟ್ಟೆ ಇಟ್ಟ ದಿನಾಂಕದ ಫಲಕವಿದ್ದರೆ 45 ದಿನ ಕೂಡಿಸಿ: 45ರಿಂದ 60ನೇ ದಿನದೊಳಗೆ ಮರಿ ಬರಬಹುದು. ಮರಳು ಬಿಸಿಯಾದಷ್ಟೂ ಹೆಣ್ಣು ಹೆಚ್ಚು. ಮರಿ ಬಿಡುವಾಗ ಅವಸರದಲ್ಲಿ ಎತ್ತಿ ನೀರಿಗೆ ಹಾಕುವುದು, ಬಕೆಟ್ಟಿನಲ್ಲಿ ಈಜಿಸಿ ಫೋಟೋ ತೆಗೆಯುವುದು ಬೇಡ. ಮೊಟ್ಟೆಯ ಹಳದಿಯೇ ಮೊದಲ ಕೆಲವು ದಿನ ಅದರ ಬುತ್ತಿ. ಬಕೆಟ್ಟಿನಲ್ಲೇ ಖರ್ಚಾದರೆ ಸಮುದ್ರದಲ್ಲಿ ಉಪವಾಸ.

ರಾತ್ರಿ ಅಕಸ್ಮಾತ್ ಆಮೆ ಎದುರಾದರೆ ಮೊಬೈಲ್ ಆರಿಸಿ, ಅದರ ಹಿಂದೆ ದೂರದಲ್ಲಿ ಅಲುಗದೆ ಕೂತುಬಿಡಿ. ಸುಮಾರು ಒಂದು ಗಂಟೆಯ ಕೆಲಸ ಅದರದು. ಮರಿಗಳಿಗಂತೂ ಬೆಳಕಿದ್ದ ಕಡೆಯೇ ಸಮುದ್ರ. ಕಾರಿನ ಹೆಡ್‌ಲೈಟ್ ಕಂಡರೆ ರಸ್ತೆಗೇ ನಡೆದಾವು.

ಮರಳಿನ ಮೇಲೆ ಗಾಡಿ ಇಳಿಸಬೇಡಿ, ಗಾಲಿ ಕೊರೆದ ಜಾಡಿಗೆ ಬಿದ್ದ ಮರಿ ಮೇಲೇರಲಾರದು. ಮಕ್ಕಳು ತೋಡಿದ ಗುಂಡಿ ಮುಚ್ಚಿ. ಉಳಿದ ಖಡಕ್ ರೊಟ್ಟಿಯನ್ನು ದಂಡೆಯ ನಾಯಿಗೆ ಹಾಕಬೇಡಿ: ಅಲ್ಲಿ ರೂಢಿಯಾದ ನಾಯಿ ರಾತ್ರಿ ಅದೇ ಮರಳು ಕೆದರುತ್ತದೆ.