ಬೆರಳು ಆಡಿದರೆ ಸಾಕು ಅಂದುಕೊಂಡಿದ್ದೆ

ತುಮಕೂರಿನ ಒಂದು ವಿದ್ಯಾರ್ಥಿನಿಲಯದಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. 150 ಮಕ್ಕಳು. ವಾರದಲ್ಲಿ ನಾಲ್ಕು ರಾತ್ರಿ ಹಿಟ್ಟು, ಅಂದರೆ ರಾಗಿ ಮುದ್ದೆ. ಮೂರು ಎಸರಿಟ್ಟು ಮೂರು ಸಲ ತೊಳಸಬೇಕು. ನನ್ನ ಸಂಸಾರ ನಡೆಯುವುದೇ ಈ ಬಲಗೈ ಮಣಿಕಟ್ಟಿನಿಂದ. ಅದನ್ನೇ ಮೂರು ದಿನ ಅಸಡ್ಡೆ ಮಾಡಿದೆ. ಅದರಿಂದ ನನಗಾದ ನೋವು ಹೋಯಿತು. ಜೊತೆಗಿದ್ದ ಹುಡುಗಿಗೆ ಆಗಬಹುದಾಗಿದ್ದದ್ದು ಮಾತ್ರ ಇವತ್ತಿಗೂ ನೆನಪಾದರೆ ಎದೆ ಝಲ್ಲೆನ್ನುತ್ತದೆ.

ಅವತ್ತು ಬುಧವಾರ. ಅನ್ನ ಬಸಿದ ಗಂಜಿ ಮೋರಿಗೆ ಹೋಗದೆ ನೆಲದಲ್ಲೇ ನಿಂತಿತ್ತು. ಆ ಮೋರಿ ಕಟ್ಟಿಕೊಂಡಿದೆ ಅಂತ ಎರಡು ಸಲ ಬರೆದುಕೊಟ್ಟಿದ್ದೆವು, ಯಾರೂ ಬಂದಿರಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ತಿರುಗಿದವಳು ಜಾರಿದೆ. ಬೀಳುವಾಗ ಯಾರಾದರೂ ಮಾಡುವುದನ್ನೇ ಮಾಡಿದೆ, ಅಂಗೈ ಊರಿದೆ. ಮೈಭಾರವೆಲ್ಲ ಬಲ ಅಂಗೈ ಮೇಲೆ ಬಿತ್ತು, ಕೈ ಹಿಂದಕ್ಕೆ ಮಡಿಚಿತು.

ಎದ್ದು ಕೂತು ಮೊದಲು ಬೆರಳು ಆಡಿಸಿ ನೋಡಿದೆ. ಐದೂ ಆಡಿದವು. "ಏನೂ ಆಗಿಲ್ಲ ಕಣೇ, ಉಳುಕು ಅಷ್ಟೇ. ಮೂಳೆ ಮುರಿದಿದ್ರೆ ಬೆರಳು ಆಡ್ತಿತ್ತಾ?" ಅಂದೆ. ನಮ್ಮ ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಸಹಾಯಕಿ ಹುಡುಗಿ, "ಆಸ್ಪತ್ರೆಗೆ ಹೋಗ್ಬರೋಣ ಅಕ್ಕಾ, ಹಿಟ್ಟು ನಾನೇ ತೊಳಸ್ತೀನಿ" ಅಂದಳು. ಇಪ್ಪತ್ತೆರಡರ ಹುಡುಗಿ, ಒಬ್ಬಳೇ ಮೂರು ಎಸರು ತೊಳಸಲು ಆಗುತ್ತದಾ ಅಂದುಕೊಂಡೆ. ಎಡಗೈಯನ್ನು ಮುಂದೆ ಮಾಡಿ, ಬಲಗೈಯನ್ನು ಕೋಲಿಗೆ ಸುಮ್ಮನೆ ಆನಿಸಿಕೊಂಡು ತೊಳಸಿದೆ. ಗಂಟು ಬಿತ್ತು. ಮಕ್ಕಳು ಏನೂ ಅನ್ನದೆ ತಿಂದರು.

ಮನೆಗೆ ಹೋದ ಮೇಲೆ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಹರಳೆಣ್ಣೆ ಬಿಸಿ ಮಾಡಿಸಿ ಅತ್ತೆಯ ಕೈಲಿ ಚೆನ್ನಾಗಿ ನೀವಿಸಿಕೊಂಡೆ. ಮೇಲೆ ಬಿಸಿನೀರಿನ ಶಾಖ. ಆ ಹೊತ್ತಿಗೆ ಹಾಯ್ ಅನಿಸಿತು. ಬೆಳಿಗ್ಗೆ ಎದ್ದರೆ ಮಣಿಕಟ್ಟು ಊದಿ ಮೂಳೆಯ ಗೆಣ್ಣೇ ಕಾಣುತ್ತಿರಲಿಲ್ಲ. ಗಾಜಿನ ಬಳೆಗಳು ಚರ್ಮಕ್ಕೆ ಕಚ್ಚಿಕೊಂಡಿದ್ದವು. ತೆಗೆಯಲು ಹೋದರೆ ಬರಲಿಲ್ಲ, ಒಡೆಯಲು ಮನಸ್ಸು ಒಪ್ಪಲಿಲ್ಲ. ಹಾಗೇ ಬಟ್ಟೆ ಸುತ್ತಿಕೊಂಡು ಗುರುವಾರ ಕೆಲಸಕ್ಕೆ ಹೋದೆ. ಶುಕ್ರವಾರವೂ ಹೋದೆ.

ಶುಕ್ರವಾರ ರಾತ್ರಿ ಹುರುಳಿಕಾಳು ಸಾರು. ಒಲೆಯಿಂದ ಬಡಿಸುವ ಕಟ್ಟೆಗೆ ಹತ್ತು ಹೆಜ್ಜೆ. ದೊಡ್ಡ ಡಬರಿ, ಎರಡು ಕಡೆ ಇಬ್ಬರು, ಮಸಿಬಟ್ಟೆ ಹಿಡಿದು ಎತ್ತುತ್ತೇವೆ. ವರ್ಷಗಟ್ಟಲೆ ಮಾಡಿದ ಕೆಲಸ, ಇಬ್ಬರೂ ಒಂದು ಮಾತೂ ಆಡುವುದಿಲ್ಲ. ಮೂರನೇ ಹೆಜ್ಜೆಗೆ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ಸೆಳೆತ ಬಂತು. ಅಲ್ಲೇ "ಇಳಿಸು" ಅನ್ನಬಹುದಿತ್ತು. ನೆಲ ಖಾಲಿ ಇತ್ತು, ಜಾಗವೂ ಇತ್ತು. ಬಾಗಿಲಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಅವರ ಮುಂದೆ ಇಳಿಸಲು ನನಗೆ ನಾಚಿಕೆಯಾಯಿತು. ಇನ್ನು ನಾಲ್ಕೇ ಹೆಜ್ಜೆ, ಮೂರೇ ಹೆಜ್ಜೆ ಅಂತ ಲೆಕ್ಕ ಹಾಕುತ್ತಾ ನಡೆದೆ.

ಕಟ್ಟೆ ಇನ್ನೆರಡು ಹೆಜ್ಜೆ ಇದೆ ಅನ್ನುವಾಗ ಕೈಯಲ್ಲಿ ಹಿಡಿತವೇ ಇಲ್ಲವಾಯಿತು. ನೋವು ಹೆಚ್ಚಾಗಿ ನಾನು ಬಿಟ್ಟದ್ದಲ್ಲ. ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ನನ್ನ ಕಡೆ ಡಬರಿ ವಾಲಿತು, ಸಾರು ತುಳುಕಿ ಅವಳ ಕಾಲ ಕಡೆಗೂ ಚೆಲ್ಲಿತು. ಅವಳು ತನ್ನ ಹಿಡಿ ಬಿಡಲಿಲ್ಲ. ಬಿಟ್ಟಿದ್ದರೆ ಡಬರಿ ಪೂರ್ತಿ ಮಗುಚಿ ಬಾಗಿಲಲ್ಲಿದ್ದ ಚಿಕ್ಕ ಮಕ್ಕಳ ಕಾಲಿಗೆ ಹೋಗುತ್ತಿತ್ತು. ಕಾಲು ಮಾತ್ರ ಹಿಂದಕ್ಕೆ ಎಳೆದುಕೊಂಡು, ಮೊಣಕಾಲು ಬಗ್ಗಿಸಿ, ತನ್ನ ಕಡೆಯಿಂದ ಡಬರಿಯನ್ನು ನೆಲಕ್ಕೆ ಕೂರಿಸಿದಳು. ಪಾದದ ಮೇಲೆ ರೂಪಾಯಿ ಅಗಲ ಬೊಬ್ಬೆ ಎದ್ದಿತ್ತು. ನಲ್ಲಿ ಕೆಳಗೆ ಕಾಲಿಟ್ಟುಕೊಂಡು ಕೂತಾಗ ಅವಳು ಕೇಳಿದ್ದು, "ನಿಮ್ ಕೈ ಹೆಂಗಿದೆ ಅಕ್ಕಾ?" ಅಂತ. ನನಗೆ ಅಳು ತಡೆಯಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಮೊದಲು ನರ್ಸಮ್ಮ ಸೋಪುನೀರು ಹಾಕಿ ಬಳೆ ಜಾರಿಸಿ ನೋಡಿದರು. ನಾಲ್ಕು ಬಂದವು, ಎರಡನ್ನು ಹತ್ತಿ ಒತ್ತಿಟ್ಟು ಒಡೆದರು. ಬಳೆ ಇದ್ದ ಕಡೆಯೆಲ್ಲ ನೀಲಿಗೆರೆ. "ಕೈಗೆ ಪೆಟ್ಟು ಬಿದ್ದ ತಕ್ಷಣ ಬಳೆ, ಉಂಗುರ ತೆಗೀಬೇಕಮ್ಮ. ಊತ ಬಂದ್ಮೇಲೆ ಅವು ರಕ್ತ ಓಡಾಡೋಕೆ ಬಿಡಲ್ಲ" ಅಂದರು. ಇಷ್ಟು ವರ್ಷದಲ್ಲಿ ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಸರಿ, ಮನೆಗೆ ಹೋಗಬಹುದು ಅಂದುಕೊಂಡೆ. ಡಾಕ್ಟರು ಹೆಬ್ಬೆರಳು ಮೇಲೆತ್ತಿ ಅಂದರು. ಎತ್ತಿದಾಗ ಬುಡದಲ್ಲಿ ಎರಡು ನರದಂಥ ಗೆರೆಗಳ ನಡುವೆ ಒಂದು ಗುಳಿ ಬೀಳುತ್ತದೆ, ನೀವೂ ನೋಡಿಕೊಳ್ಳಿ. ನನ್ನದು ಊತದಲ್ಲಿ ಅರ್ಧ ಮುಚ್ಚಿತ್ತು. ಅಲ್ಲಿ ಒತ್ತಿದ ಕೂಡಲೇ ಜೀವ ಹೋದಂತಾಯಿತು. ಅವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳು, ಎರಡು ಸಾಲು. ಅವನ್ನು ಒಂದಕ್ಕೊಂದು ಕಟ್ಟಿ ಹಿಡಿದಿರುವುದು ಲಿಗಮೆಂಟ್ ಅನ್ನುವ ಗಟ್ಟಿ ಪಟ್ಟಿಗಳು. ಉಳುಕು ಅಂದರೆ ಅವಕ್ಕೆ ಬಿದ್ದ ಪೆಟ್ಟು. ಬರೀ ಎಳೆದುಕೊಂಡಿದ್ದರೆ ಒಂದನೇ ದರ್ಜೆ, ಅರ್ಧಂಬರ್ಧ ಹರಿದಿದ್ದರೆ ಎರಡನೆಯದು, ಪೂರ್ತಿ ಹರಿದರೆ ಮೂರನೆಯದು. ಮೂಳೆ ಮುರಿದಿದ್ದರೂ ಬೆರಳು ಆಡುತ್ತವೆ, ಬೆರಳು ಆಡಿಸುವ ಸ್ನಾಯುಗಳು ಮೊಣಕೈ ಕಡೆಯಿಂದ ಬರುತ್ತವೆ ಅಂದರು. ನಾನು ನಂಬಿಕೊಂಡಿದ್ದ ಪರೀಕ್ಷೆ ಅಲ್ಲೇ ಬಿದ್ದುಹೋಯಿತು.

ಅವರ ಅನುಮಾನ ಇದ್ದದ್ದು ಆ ಗುಳಿಯ ಕೆಳಗಿನ ಸ್ಕೇಫಾಯ್ಡ್ ಮೂಳೆಯ ಮೇಲೆ. ಗೋಡಂಬಿಯಂಥ ಪುಟ್ಟ ಮೂಳೆ. ಅಂಗೈ ಊರಿ ಬಿದ್ದವರಿಗೆ ಆ ಎಂಟರಲ್ಲಿ ಸೀಳುವುದು ಹೆಚ್ಚಾಗಿ ಇದೇ, ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಆ ಸೀಳು ಕಾಣುವುದಿಲ್ಲ. ಅದಕ್ಕೆ ರಕ್ತ ಬರುವುದು ಬೆರಳಿನ ಕಡೆಯಿಂದ ಹಿಂದಕ್ಕೆ. ಮುರಿದದ್ದನ್ನು ಉಳುಕು ಅಂತ ಬಿಟ್ಟರೆ ಹಿಂದಿನ ತುಂಡಿಗೆ ರಕ್ತ ಸಿಗದೆ ಅದು ಸತ್ತೇ ಹೋಗಬಹುದು. ಹಾಗಾಗಿ ಕಾಣದಿದ್ದರೂ ಇದೆ ಅಂತಲೇ ಹೆಬ್ಬೆರಳು ಸೇರಿಸಿ ಕಟ್ಟು ಹಾಕಿದರು. ಎರಡು ವಾರ ಬಿಟ್ಟು ಮತ್ತೆ ಎಕ್ಸ್‌ರೇ.

ಎಣ್ಣೆ ನೀವಿಸಿಕೊಂಡ ವಿಷಯ ಹೇಳಿದಾಗ ಬೈಯಲಿಲ್ಲ. ಮೊದಲ ಎರಡು ದಿನ ಒಳಗೆ ರಕ್ತ, ನೀರು ಒಸರುತ್ತಿರುತ್ತದೆ, ಶಾಖ ಕೊಟ್ಟು ನೀವಿದರೆ ಅದು ಇನ್ನೂ ಹೆಚ್ಚುತ್ತದೆ ಅಂತಷ್ಟೇ ಹೇಳಿದರು. ಆ ಎರಡು ದಿನ ಬೇಕಾದದ್ದು ಬಟ್ಟೆಯಲ್ಲಿ ಸುತ್ತಿದ ಐಸು, ಒಂದು ಸಲಕ್ಕೆ 20 ನಿಮಿಷ ಮೀರದಂತೆ. ಕೈಯನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕೆ ಇಟ್ಟುಕೊಳ್ಳುವುದು, ಕೆಲಸ ಮಾಡದಿರುವುದು. ನಮ್ಮ ಹಾಸ್ಟೆಲ್ ಫ್ರಿಜ್ಜಿನಲ್ಲಿ ಐಸು ಇತ್ತು. ನಾನು ಹತ್ತಿಸಿದ್ದು ಒಲೆ.

ಎರಡು ವಾರದ ಮೇಲಿನ ಎಕ್ಸ್‌ರೇಯಲ್ಲೂ ಮೂಳೆ ಚೆನ್ನಾಗಿತ್ತು. ಎರಡನೇ ದರ್ಜೆಯ ಉಳುಕು ಅಂದರು. ಕಟ್ಟು ಬಿಚ್ಚಿದಾಗ ಕೈ ಬಾಡಿದ ಬದನೆಕಾಯಿಯ ಹಾಗಿತ್ತು, ಹಿಂದಕ್ಕೂ ಬಾಗದು ಮುಂದಕ್ಕೂ ಬಾಗದು. ಕಳಚಿ ಹಾಕುವ ಪಟ್ಟಿ ಕೊಟ್ಟು, ದಿನಕ್ಕೆ ಮೂರು ಸಲ ಬಿಚ್ಚಿ ಅಭ್ಯಾಸ ಮಾಡಲು ಹೇಳಿದರು. ಮೇಜಿನ ಅಂಚಿಗೆ ಮುಂಗೈ ಇಟ್ಟು, ಅಂಗೈ ಹೊರಗೆ ಇಳಿಬಿಟ್ಟು, ನಿಧಾನವಾಗಿ ಎತ್ತಿ ಇಳಿಸುವುದು. ಆಮೇಲೆ ಮೆತ್ತನೆ ಚೆಂಡು ಹಿಸುಕುವುದು. ಆಮೇಲೆ ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಹಿಡಿದು ಅದೇ ಅಭ್ಯಾಸ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಮಾಡಲು ಆಗ ಒಪ್ಪಿದರು. ಚಪಾತಿ ಲಟ್ಟಿಸಲು ನಾಲ್ಕನೇ ವಾರ ಹೋಗಿ ಮತ್ತೆ ಊದಿಸಿಕೊಂಡೆ. ಒದ್ದೆ ಮಸಿಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡಲು ಬಂದದ್ದು ಆರನೇ ವಾರ. ಹನಿ ಬೀಳುವುದನ್ನು ನೋಡುತ್ತಾ ಬಚ್ಚಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ.

ದುಡ್ಡಿನ ವಿಷಯ ಹೇಳಲೇಬೇಕು. ನಾವು ಹೊರಗುತ್ತಿಗೆಯವರು. ಪ್ರತಿ ತಿಂಗಳು ಸಂಬಳದಲ್ಲಿ ಶೇ 0.75 ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮೆಗೆ, ಮುರಿಯುತ್ತಾರೆ. ಕೆಲಸದ ಜಾಗದಲ್ಲಿ ಪೆಟ್ಟಾಗಿ ರಜೆ ಬಿದ್ದರೆ ಕೂಲಿಯ ಶೇ 90 ಸಿಗುತ್ತದೆ, ಬರೀ ಕಾಯಿಲೆ ರಜೆ ಅಂದರೆ ಶೇ 70. ಕೆಲಸದ ಪೆಟ್ಟು ಅನ್ನಲು ಗುತ್ತಿಗೆದಾರರು ಅಪಘಾತದ ವರದಿ ಕಳಿಸಬೇಕು. ಅವರಿಗೆ ಫೋನು ಮಾಡಿದರೆ, "ಬುಧವಾರ ಬಿದ್ದೆ ಅಂತೀರ, ಶುಕ್ರವಾರ ರಾತ್ರಿವರೆಗೂ ನಿಮ್ದು ಬಯೋಮೆಟ್ರಿಕ್ ಹಾಜರಿ ಇದೆಯಲ್ಲಮ್ಮ. ಮನೇಲಿ ಬಿದ್ದಿಲ್ಲ ಅಂತ ಏನು ಗ್ಯಾರಂಟಿ?" ಅಂದರು. ನಾನು ಮೈಮುರಿದು ದುಡಿದ ಮೂರು ದಿನವೇ ನನಗೆ ಎದುರು ಸಾಕ್ಷಿಯಾಯಿತು. ವಾರ್ಡನ್ ಮೇಡಂಗೂ ಬುಧವಾರವೇ ಹೇಳಿರಲಿಲ್ಲ, ಅವರು ಬರೆದುಕೊಡುವುದಾದರೂ ಏನನ್ನು? ಶೇ 70 ಮಾತ್ರ ಬಂತು.

ಈಗ ಅಡುಗೆಮನೆ ಗೋಡೆಗೆ ಒಂದು ನೋಟ್‌ಪುಸ್ತಕ ದಾರದಲ್ಲಿ ಕಟ್ಟಿದ್ದೇವೆ. ಬೆರಳು ಕೊಯ್ದರೂ ತಾರೀಖು, ಗಂಟೆ ಬರೆದು ಅವತ್ತೇ ಮೇಡಂ ಸಹಿ ಹಾಕಿಸುತ್ತೇವೆ. ಮೋರಿಯ ಅರ್ಜಿಯ ನಕಲೂ ಅದರಲ್ಲೇ ಇದೆ, ಮೂರನೆಯದು. ಮೋರಿ ಇನ್ನೂ ಹಾಗೇ ಇದೆ. ಗಂಜಿಯನ್ನು ಬಕೆಟ್ಟಿಗೆ ಬಸಿದು ಹೊರಗೆ ಚೆಲ್ಲುತ್ತಿದ್ದೇವೆ.

ಎಂಟನೇ ವಾರ ಕೋಲು ಹಿಡಿದೆ, ಒಂದೇ ಎಸರು. ಉಳಿದೆರಡನ್ನೂ ಆ ಹುಡುಗಿ ತೊಳಸಿದಳು. ಗಂಟಿಲ್ಲದ ಹಿಟ್ಟು, ನನ್ನದಕ್ಕಿಂತ ನುಣುಪು. ಡಬರಿ ಎತ್ತುವ ಮುಂಚೆ ಈಗ ಅವಳು ಪ್ರತಿ ಸಲ ಕೇಳುತ್ತಾಳೆ, "ಹಿಡ್ಕೊಂಡ್ರಾ ಅಕ್ಕಾ?" ನಾನು ಮಸಿಬಟ್ಟೆ ಸರಿಮಾಡಿ, ಹೆಬ್ಬೆರಳು ಒತ್ತಿ ನೋಡಿ, ಆಮೇಲೆ "ಹಿಡ್ಕೊಂಡೆ" ಅನ್ನುತ್ತೇನೆ. ಕಳೆದ ವಾರ ಒಂದು ರಾತ್ರಿ "ಇಲ್ಲ, ಇಳಿಸು" ಅಂದೆ. ಮಕ್ಕಳು ಸಾಲಿನಲ್ಲಿ ನಿಂತಿದ್ದರು. ಅವಳು ಇಳಿಸಿದಳು. ಸಾರನ್ನು ಎರಡು ಬಕೆಟ್ಟಿಗೆ ಹಂಚಿಕೊಂಡು ಹೋದೆವು.